ಸುಳ್ಳು ಹೇಳಿ ಬಾಯಿ ಬಿಡಿಸುವುದು, ಮಲಯಾಳ ಕಾಗದಕ್ಕೆ ರುಜು ಕೇಳುವುದು: ಕಾಸರಗೋಡಿನವರಿಗೆ ಗೊತ್ತಿರಬೇಕಾದದ್ದು ಏನು?

ಅಡ್ಕದ ವಾಚನಾಲಯ:

ಎಲ್ಲರಿಗೂ ನಮಸ್ಕಾರ. ಬದಿಯಡ್ಕ ಕಡೆಯ ಒಂದು ವಾಚನಾಲಯಕ್ಕಾಗಿ ಈ ಪ್ರಶ್ನೆ. ಪೊಲೀಸರು ಠಾಣೆಗೆ ಕರೆದಾಗ ಏನು ಗೊತ್ತಿರಬೇಕು ಎಂದು ಕನ್ನಡದಲ್ಲಿ ಒಂದು ಹಾಳೆ, ಎರಡೂ ಮಗ್ಗುಲು ಸೇರಿಸಿ, ಅಚ್ಚು ಹಾಕಿಸಬೇಕೆಂದು ಉಂಟು. ಮಲಯಾಳದಲ್ಲಿ ಇಂಥದ್ದು ಸಿಗುತ್ತದೆ. ಕನ್ನಡದಲ್ಲಿ ಸಿಗುವುದೆಲ್ಲ ಕರ್ನಾಟಕದ್ದು, ಅದೂ ಹೊಸ ಕಾನೂನುಗಳು ಜಾರಿಗೆ ಬಂದ 2024ರ ಜುಲೈ 1ಕ್ಕೆ ಮೊದಲಿನ ಹಳೇ ಕಲಂಗಳು.

ಜನ ಹೆಚ್ಚಾಗಿ ಕೇಳುವುದು ನಾಲ್ಕು ಸಂಗತಿ. "ನಿನ್ನ ಜೊತೆಯವ ಎಲ್ಲ ಹೇಳಿ ಆಯ್ತು, ನೀನೂ ಹೇಳಿದರೆ ಬೇಗ ಮನೆಗೆ ಹೋಗಬಹುದು" ಎನ್ನುತ್ತಾರೆ. ಆಚೆ ಕೋಣೆಯಲ್ಲಿ ಅವನು ತುಟಿಯನ್ನೇ ಬಿಚ್ಚಿರುವುದಿಲ್ಲ. ಪೊಲೀಸರು ಹೀಗೆ ಸುಳ್ಳು ಹೇಳಬಹುದೇ? ಹಾಗೆ ಹೊರಬಿದ್ದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುತ್ತದೆಯೇ? ಎರಡನೆಯದು, ಕಾಗದವೆಲ್ಲ ಮಲಯಾಳದಲ್ಲಿ. ನಮ್ಮವರಿಗೆ ಮಾತಾಡಲು ಬರುತ್ತದೆ, ಓದಲು ಬಾರದವರು ಬೇಕಾದಷ್ಟು ಜನ. ರುಜು ಹಾಕಬೇಕಾ, ಬೇಡವಾ? ಮೂರನೆಯದು, ಫೋನು ಮಾಡಿ "ಸುಮ್ಮನೆ ಒಮ್ಮೆ ಬಂದು ಹೋಗಿ" ಎನ್ನುವುದು. ಕೊನೆಯದು, ಹುಡುಗರು ಅಮೆರಿಕದ ವಿಡಿಯೊ ನೋಡಿ "ವಕೀಲರು ಬಾರದೆ ಪೊಲೀಸರು ಒಂದು ಪ್ರಶ್ನೆಯನ್ನೂ ಕೇಳುವಂತಿಲ್ಲ" ಎಂದು ನಂಬಿ ಕೂತಿದ್ದಾರೆ.

"ನನ್ನ ಭಾವನಿಗೆ ಹೀಗಾಗಿತ್ತು" ಎಂಬ ಕತೆಗಳು ಬೇಡ ಮಾರಾಯ್ರೆ, ಅದು ನಮ್ಮಲ್ಲೇ ರಾಶಿ ಉಂಟು. ಹೊಸ ಕಲಂ, ಮಾಡಬೇಕಾದ ಕ್ರಮ, ಎಲ್ಲಿ ಕೆಡುತ್ತದೆ, ಇಷ್ಟು ಹೇಳಿದರೆ ಉಪಕಾರ.

ಕುಂಬಳೆ ಕಟ್ಟೆ:

ಮೋಸದಿಂದ ಪಡೆದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ದೊಡ್ಡ ಅಕ್ಷರದಲ್ಲಿ ಅದೊಂದು ಹಾಕಿ, ಸಾಕು.

ಕೋರ್ಟು ಗುಡ್ಡೆ:

ಕಟ್ಟೆಯವರೇ, ಬೇಸರ ಮಾಡಬೇಡಿ, ಆದರೆ ಅದನ್ನು ಮಾತ್ರ ಅಚ್ಚು ಹಾಕಿಸಬೇಡಿ. ಕಾನೂನು ಹೇಳುವುದು ಇದರ ಉಲ್ಟಾ.

ಭಾರತೀಯ ಸಾಕ್ಷ್ಯ ಅಧಿನಿಯಮದ 22ನೇ ಕಲಂ ನೋಡಿ. ಅಧಿಕಾರದ ಸ್ಥಾನದಲ್ಲಿರುವವರ ಆಮಿಷ, ಬೆದರಿಕೆ, ಬಲವಂತ, ಭರವಸೆ – ಇವುಗಳಿಂದ ಬಂದ ತಪ್ಪೊಪ್ಪಿಗೆ ಲೆಕ್ಕಕ್ಕಿಲ್ಲ ಎಂದು ಅಲ್ಲಿದೆ. ಪಟ್ಟಿಯಲ್ಲಿ ಮೋಸದ ಹೆಸರಿಲ್ಲ. ಮರೆತು ಬಿಟ್ಟದ್ದೂ ಅಲ್ಲ. ಅದೇ ಕಲಮಿನ ಪರಂತುಕ ("ಆದರೆ" ಎಂದು ಸೇರಿಸಿದ ಷರತ್ತು) ಹೇಳುವುದು ಹೀಗೆ: ಬೇರೆ ರೀತಿಯಲ್ಲಿ ಸರಿಯಾಗಿರುವ ತಪ್ಪೊಪ್ಪಿಗೆಯು, ಗುಟ್ಟಾಗಿಡುತ್ತೇವೆಂದು ಮಾತು ಕೊಟ್ಟು ಪಡೆದದ್ದು, ಆರೋಪಿಯನ್ನು ಮೋಸಗೊಳಿಸಿ ಪಡೆದದ್ದು, ಅವನು ಕುಡಿದಿದ್ದಾಗ ಪಡೆದದ್ದು ಎಂಬ ಕಾರಣಕ್ಕಷ್ಟೇ ಕೆಡುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 29ನೇ ಕಲಂ ಹೊಸ ಮನೆಗೆ ಬಾಡಿಗೆಗೆ ಬಂದದ್ದು ಇದು. ಹೆಸರು ಬದಲಾಯಿತು, ಬ್ರಿಟಿಷರ ವಾಕ್ಯ ಹಾಗೇ ಉಂಟು.

ಹಾಗಾದರೆ ನಮ್ಮನ್ನು ಕಾಯುವುದು ಯಾವುದು? 23ನೇ ಕಲಂ. ಪೊಲೀಸ್ ಅಧಿಕಾರಿಯ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತೆಯೇ ಇಲ್ಲ. ಸುಳ್ಳು ಹೇಳಿ ಪಡೆದಿರಲಿ, ಚಾ ಕೊಟ್ಟು ಪಡೆದಿರಲಿ. ಪೊಲೀಸ್ ವಶದಲ್ಲಿದ್ದಾಗ ಬೇರೆ ಯಾರ ಹತ್ತಿರ ಹೇಳಿದರೂ ಅಷ್ಟೇ, ಮಜಿಸ್ಟ್ರೇಟರು ಎದುರಿಗಿದ್ದರೆ ಮಾತ್ರ ಬೇರೆ. ಹಾಗಾಗಿ "ಜೊತೆಯವ ಹೇಳಿದ್ದಾನೆ" ಎಂಬ ಸುಳ್ಳಿಗೆ ಬಿದ್ದು ಠಾಣೆಯಲ್ಲಿ "ಹೌದು, ನಾನೇ ಮಾಡಿದ್ದು" ಎಂದರೂ ಆ ಮಾತು ಸಾಕ್ಷ್ಯ ಆಗುವುದಿಲ್ಲ. ಜೊತೆಯವ ನಿಜವಾಗಿ ಪೊಲೀಸರಿಗೆ ಹೇಳಿದ್ದರೂ ಅದು ನಿಮ್ಮ ಮೇಲೆ ಸಾಕ್ಷ್ಯ ಅಲ್ಲ.

ಅಂದ ಮೇಲೆ ಪೊಲೀಸರು ಇಷ್ಟು ಕಷ್ಟಪಟ್ಟು ಬಾಯಿ ಬಿಡಿಸುವುದು ಯಾಕೆ? ಈ ಬೇಲಿಯಲ್ಲಿ ಕಂಡಿ ಉಂಟು. ಕರಪತ್ರದಲ್ಲಿ ಜಾಗ ಕೊಡಬೇಕಾದದ್ದು ಅದಕ್ಕೆ.

ದೊಡ್ಡ ಕಂಡಿ 23ರ ಪರಂತುಕ, ಹಳೇ 27. ಆರೋಪಿ ಕೊಟ್ಟ ಮಾಹಿತಿಯಿಂದ ಯಾವುದಾದರೂ ಸಂಗತಿ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಪಟ್ಟಷ್ಟು ಮಾತು ಸಾಕ್ಷ್ಯವಾಗುತ್ತದೆ. ಒಂದು ವಾಕ್ಯ ತೆಗೆದುಕೊಳ್ಳಿ: "ನಾನು ಕದ್ದ ಎರಡು ಮೂಟೆ ಸುಲಿದ ಅಡಿಕೆಯನ್ನು ತೋಟದ ಪಂಪ್‌ಶೆಡ್ಡಿನಲ್ಲಿ ಮಡಲಿನ ಅಡಿಯಲ್ಲಿ ಇಟ್ಟಿದ್ದೇನೆ, ಬಂದರೆ ತೋರಿಸುತ್ತೇನೆ." ಇದರಲ್ಲಿ "ಎರಡು ಮೂಟೆ ಅಡಿಕೆಯನ್ನು ಪಂಪ್‌ಶೆಡ್ಡಿನಲ್ಲಿ ಮಡಲಿನ ಅಡಿಯಲ್ಲಿ ಇಟ್ಟಿದ್ದೇನೆ, ತೋರಿಸುತ್ತೇನೆ" ಎಂಬಷ್ಟು ಒಳಗೆ ಬರುತ್ತದೆ. "ನಾನು ಕದ್ದ" ಎಂಬುದು ಹೊರಗೆ. ಈ ಗೆರೆ ಎಳೆದದ್ದು ಬ್ರಿಟಿಷರ ಕಾಲದ ಮೇಲ್ಕೋರ್ಟು ಪ್ರಿವಿ ಕೌನ್ಸಿಲ್, 1946ರ ಡಿಸೆಂಬರಿನ ಪುಲುಕುರಿ ಕೋಟಯ್ಯ ತೀರ್ಪಿನಲ್ಲಿ. ಅಲ್ಲಿ ಬೈಹುಲ್ಲಿನ ಬಣವೆಯಲ್ಲಿ ಅಡಗಿಸಿಟ್ಟ ಭರ್ಜಿ. ಪತ್ತೆಯಾದ "ಸಂಗತಿ" ಎಂದರೆ ವಸ್ತು ಒಂದೇ ಅಲ್ಲ, ಅದಿದ್ದ ಜಾಗ ಮತ್ತು ಆ ಜಾಗ ಆರೋಪಿಗೆ ಗೊತ್ತಿತ್ತು ಎಂಬುದು ಎಂದು ಅದರಲ್ಲಿ ಹೇಳಿದೆ.

"ಕದ್ದ" ಎಂಬ ಶಬ್ದ ಹೊರಗೆ ಹೋಯಿತಲ್ಲ, ಬಚಾವಾದೆ ಎಂದು ಭಾವಿಸಬೇಡಿ. ಕಳವಾದ ಸ್ವಲ್ಪ ಸಮಯಕ್ಕೇ ಮಾಲು ಒಬ್ಬನ ಕೈಯಲ್ಲಿ ಸಿಕ್ಕಿದರೆ, ಅವನು ಸರಿಯಾದ ವಿವರಣೆ ಕೊಡದಿದ್ದಲ್ಲಿ, ಅವನೇ ಕಳ್ಳ ಅಥವಾ ಕಳವಿನ ಮಾಲು ಎಂದು ತಿಳಿದೇ ಇಟ್ಟುಕೊಂಡವ ಎಂದು ಕೋರ್ಟು ಊಹಿಸಬಹುದು (119ನೇ ಕಲಂ, ಹಳೇ 114). ಸುಳ್ಳು ಹೇಳಿ ಬಾಯಿ ಬಿಡಿಸುವುದು ಈ ಮೂಟೆಗಾಗಿ, ತಪ್ಪೊಪ್ಪಿಗೆಗಾಗಿ ಅಲ್ಲ.

ಕೆಡುವುದು ಎಲ್ಲಿ ಎಂದರೆ, ಮೂಟೆ ಎಲ್ಲಿದೆ ಎಂದು ಪೊಲೀಸರಿಗೆ ಮೊದಲೇ ಗೊತ್ತಿದ್ದು, ಆಮೇಲೆ ಆರೋಪಿಯನ್ನು ಜೀಪಿನಲ್ಲಿ ಕೂರಿಸಿ ಕರೆದುಕೊಂಡು ಹೋಗಿ "ಇವನು ತೋರಿಸಿದ" ಎಂದು ಮಹಜರು ಬರೆದರೆ ಅದು ಪತ್ತೆ ಅಲ್ಲ. ಇದನ್ನು ತೋರಿಸಲು ವಿಡಿಯೊ ಬೇಕು. ಜಪ್ತಿಯನ್ನು ವಿಡಿಯೊ ಮಾಡಲೇಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿಯ ಬದಲಿಗೆ ಬಂದದ್ದು; ಮುಂದೆ ಬರೇ "ಸಂಹಿತೆ") 105ನೇ ಕಲಂ ಹೇಳುತ್ತದೆ. ಮೊಬೈಲಿನಲ್ಲಿ ಮಾಡಿದರೂ ಆದೀತು, ತಡಮಾಡದೆ ಮಜಿಸ್ಟ್ರೇಟರಿಗೆ ಕಳಿಸಬೇಕು. ಮುಂದೆ ವಕೀಲರು ಮೊದಲು ಕೇಳುವುದು ಅದನ್ನೇ: ವಿಡಿಯೊ ಎಲ್ಲಿಂದ ಶುರುವಾಗುತ್ತದೆ, ಮಡಲು ಎತ್ತುವ ಕೈ ಯಾರದ್ದು?

ಇನ್ನೊಂದು ಕಂಡಿ ಠಾಣೆಯ ಹೊರಗಿನದ್ದು. ಬಂಧನಕ್ಕೆ ಮೊದಲು ಊರಿನ ಒಬ್ಬ ದೊಡ್ಡ ಜನ ಬಂದು "ನನ್ನ ಹತ್ತಿರ ಹೇಳು, ನಾನು ಮಾತಾಡಿ ಸರಿ ಮಾಡ್ತೇನೆ" ಎನ್ನುತ್ತಾರೆ. ಅವರು ಪೊಲೀಸರಲ್ಲ, ನೀವಿನ್ನೂ ಪೊಲೀಸ್ ವಶದಲ್ಲಿಲ್ಲ. 23 ಕಾಯುವುದಿಲ್ಲ. ಅವರನ್ನು ಕಳಿಸಿದ್ದೇ ಮೋಸ ಎಂದರೆ 22ರ ಪರಂತುಕ ಎದುರಿಗೆ ನಿಲ್ಲುತ್ತದೆ. ಇಂಥ ಹೊರಗಿನ ತಪ್ಪೊಪ್ಪಿಗೆ ದುರ್ಬಲ ಸಾಕ್ಷ್ಯ ಎಂದು ಕೋರ್ಟುಗಳು ಹೇಳುತ್ತಲೇ ಬಂದಿವೆ, ನಿಜ. ಆದರೆ ಬಾಯಿಮಾತಿನ ಕಾಲ ಅದು. ಈಗ ಎಲ್ಲರೂ ವಾಟ್ಸಾಪಿನಲ್ಲಿ ವಾಯ್ಸ್ ಹಾಕುತ್ತಾರೆ.

ಮೂರನೆಯದು ಮಜಿಸ್ಟ್ರೇಟರ ಎದುರಿನ ತಪ್ಪೊಪ್ಪಿಗೆ, ಸಂಹಿತೆಯ 183. ಅದು ಪೂರ್ತಿ ಸಾಕ್ಷ್ಯ. "ಅಲ್ಲಿ ಹೇಳು, ನಿನ್ನನ್ನು ಮಾಫಿ ಸಾಕ್ಷಿ ಮಾಡ್ತೇವೆ" (ಉಳಿದವರ ವಿರುದ್ಧ ಸಾಕ್ಷಿ ಹೇಳಿದರೆ ಕ್ಷಮೆ) ಎಂದು ಕಳಿಸುವುದುಂಟು. ಮಾಫಿ ಕೊಡುವ ಅಧಿಕಾರ 343ನೇ ಕಲಮಿನಲ್ಲಿ ನ್ಯಾಯಾಲಯದ್ದು, ಪೊಲೀಸರ ಕಿಸೆಯಲ್ಲಿ ಅದಿಲ್ಲ. ಮಜಿಸ್ಟ್ರೇಟರು ಮೊದಲೇ "ನೀನು ಹೇಳಲೇಬೇಕೆಂದಿಲ್ಲ, ಹೇಳಿದರೆ ನಿನ್ನ ವಿರುದ್ಧ ಬಳಸಬಹುದು" ಎಂದು ತಿಳಿಸಬೇಕು. ಅಲ್ಲಿ "ನನಗೆ ಹೇಳಲು ಮನಸ್ಸಿಲ್ಲ" ಎಂದರೆ ಆ ಕಾರಣಕ್ಕೆ ವಾಪಸು ಪೊಲೀಸ್ ವಶಕ್ಕೆ ಕೊಡುವಂತಿಲ್ಲ, 183(3). ಇದು ಗೊತ್ತಿಲ್ಲದೆಯೇ ಜನ ಹೆದರಿ ಹೇಳಿಬಿಡುವುದು.

ಅಮೆರಿಕದ ಬಗ್ಗೆ: ವಿಚಾರಣೆಗೆ ಮೊದಲು ವಕೀಲರ ಹಕ್ಕನ್ನು ತಿಳಿಸಬೇಕೆಂಬ 1966ರ ಮಿರಾಂಡಾ ತೀರ್ಪು ಅಲ್ಲಿಯದು. ತಮಾಷೆಯೆಂದರೆ, ಸುಳ್ಳಿನ ವಿಷಯದಲ್ಲಿ ಅಲ್ಲಿನವರ ಅವಸ್ಥೆ ನಮಗಿಂತ ಕಡೆ. 1969ರ ಫ್ರೇಜಿಯರ್ ಪ್ರಕರಣದಲ್ಲಿ "ನಿನ್ನ ಸಂಬಂಧಿ ಒಪ್ಪಿಕೊಂಡಿದ್ದಾನೆ" ಎಂದು ಪೊಲೀಸರು ಸುಳ್ಳು ಹೇಳಿದ್ದರು; ಅಷ್ಟರಿಂದ ತಪ್ಪೊಪ್ಪಿಗೆ ಕೆಡುವುದಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಅಲ್ಲಿ ಪೊಲೀಸರಿಗೆ ಹೇಳಿದ್ದೇ ಸಾಕ್ಷ್ಯ ಆಗುವುದರಿಂದ ಸುಳ್ಳು ನೇರವಾಗಿ ಜೈಲಿಗೆ ಒಯ್ಯುತ್ತದೆ. ಮಕ್ಕಳ ವಿಚಾರಣೆಯಲ್ಲಿ ಸುಳ್ಳು ಹೇಳಬಾರದೆಂದು ಇಲಿನಾಯ್, ಒರೆಗಾನ್ ರಾಜ್ಯಗಳು ಕಾನೂನು ಮಾಡಿದ್ದೇ 2021ರಲ್ಲಿ.

ನಮ್ಮಲ್ಲಿ ವಕೀಲರ ಹಕ್ಕು ಸಂವಿಧಾನದ 22(1) ಮತ್ತು ಸಂಹಿತೆಯ 38. ವಿಚಾರಣೆಯ ನಡುವೆ ವಕೀಲರನ್ನು ಕಾಣಬಹುದು, "ಆದರೆ ವಿಚಾರಣೆಯುದ್ದಕ್ಕೂ ಅಲ್ಲ" ಎಂಬ ಬಾಲ ಅದಕ್ಕುಂಟು. ಹುಡುಗರಿಗೆ ಅದನ್ನು ಹೇಳಿ.

ಪೆರ್ಲದಕ್ಕ:

ಕಾಗದದ ಬಗ್ಗೆ ನಾನು ಬರೆಯುತ್ತೇನೆ. ಠಾಣೆಯಲ್ಲಿ ಮುಂದಿಡುವ ಎಲ್ಲ ಹಾಳೆಯೂ ಒಂದೇ ಅಲ್ಲ. ಅದು ಗೊತ್ತಾಗದಿದ್ದರೆ "ರುಜು ಹಾಕಬೇಕಾ" ಎಂಬ ಪ್ರಶ್ನೆಗೆ ಉತ್ತರ ಇಲ್ಲ.

ಸಾಕ್ಷಿಯಾಗಿ ಹೇಳಿಕೆ ಕೊಟ್ಟರೆ (ಸಂಹಿತೆಯ 180) ಅದಕ್ಕೆ ರುಜು ಹಾಕಿಸಬಾರದು. 181ರಲ್ಲೇ ಹಾಗೆ ಉಂಟು. ಕೇಳಿದರೆ ವಿನಯದಿಂದ "181ರ ಪ್ರಕಾರ ಬೇಡವಲ್ಲ ಸರ್" ಎನ್ನಿ. ಬಂಧನದ ಮೆಮೊಗೆ (36) ಬಂಧಿತನ ರುಜು ಬೇಕು, ಮನೆಯವರದ್ದೋ ಊರಿನ ಮರ್ಯಾದಸ್ಥರದ್ದೋ ಸಾಕ್ಷಿ ರುಜುವೂ ಬೇಕು. ಇದು ನಿಮಗೆ ಉಪಕಾರದ ಕಾಗದ, ನಿರಾಕರಿಸಬೇಡಿ. ಅದರಲ್ಲಿ ಬರೆದ ದಿನ, ಗಂಟೆ ಮಾತ್ರ ನೋಡಿಯೇ ಹಾಕಿ. ಅಂಕಿ ಓದಲು ಮಲಯಾಳ ಬೇಕಾಗಿಲ್ಲ. ಖಾಲಿ ಹಾಳೆಗೆ ಯಾವ ಕಾಲಕ್ಕೂ ಇಲ್ಲ. ಅರ್ಧ ಬರೆದು ಕೆಳಗೆ ಜಾಗ ಬಿಟ್ಟಿದ್ದರೆ, ಬರಹ ಮುಗಿದಲ್ಲಿಗೆ ತಾಗಿಸಿ ರುಜು ಹಾಕಿ, ಹಾಳೆಯ ಬುಡದಲ್ಲಿ ಅಲ್ಲ.

ಮಹಜರಿಗೆ ಪಂಚರಾಗಿ ಕರೆಯುವುದು ಬೇರೆ ತಲೆನೋವು. ಬಸ್‌ಸ್ಟ್ಯಾಂಡಿನಲ್ಲಿ ನಿಂತವರನ್ನು "ಒಂದು ರುಜು ಅಷ್ಟೇ" ಎಂದು ಕರೆಯುತ್ತಾರೆ. ನೀವು ಕಣ್ಣಾರೆ ಕಂಡದ್ದಕ್ಕೆ ಹಾಕಿ. ಕಾಣದ್ದಕ್ಕೆ ಹಾಕಿದರೆ ಮೂರು ವರ್ಷ ಕಳೆದು ಸಮನ್ಸು ಬಂದಾಗ ಸಾಕ್ಷಿ ಪೆಟ್ಟಿಗೆಯಲ್ಲಿ ಬೆವರುವವರು ನೀವೇ.

ಬಂಧನದ ಆಧಾರಗಳನ್ನು ತಿಳಿಸುವ ಕಾಗದ (47) ಕನ್ನಡದವರಿಗೆ ಎಲ್ಲಕ್ಕಿಂತ ಮುಖ್ಯ. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸ್ಪಷ್ಟ ಮಾಡಿತು: ಯಾವ ಅಪರಾಧವೇ ಆಗಲಿ, ಬಂಧನದ ಆಧಾರಗಳನ್ನು ಬರಹದಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಆ ಕ್ಷಣಕ್ಕೆ ಬರೆದು ಕೊಡಲು ಸಾಧ್ಯವೇ ಇಲ್ಲದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡಿಗೆ (ಬಂಧನ ಮುಂದುವರಿಸುವ ಆದೇಶಕ್ಕೆ) ಮಜಿಸ್ಟ್ರೇಟರ ಎದುರು ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಬರಹ ಕೈಗೆ ಕೊಡಬೇಕು. ಕೊಡದಿದ್ದರೆ ಬಂಧನ, ರಿಮಾಂಡು ಎರಡೂ ಕಾನೂನುಬಾಹಿರ. (ಆಮೇಲೆ ಸರಿಯಾಗಿ ಬರೆದು ಕೊಟ್ಟು ಪುನಃ ಬಂಧಿಸುವುದಕ್ಕೆ ದಾರಿ ಇದ್ದೇ ಇದೆ. ಹಾಗಾಗಿ ಇದು ಬಿಡುಗಡೆಯ ಮಂತ್ರ ಎಂದು ಬರೆಯಬೇಡಿ.) "ಕಳವು ಪ್ರಕರಣದಲ್ಲಿ ಬೇಕಾಗಿದ್ದಾರೆ" ಎಂಬುದು ಆಧಾರ ಅಲ್ಲ. ಈ ಮನುಷ್ಯನನ್ನೇ ಯಾಕೆ ಹಿಡಿದದ್ದು ಎಂದು ಇರಬೇಕು.

ಓದಲು ಬಾರದ ಕಾಗದಕ್ಕೆ ರುಜು ಹಾಕಲೇಬೇಕಾಗಿ ಬಂದರೆ ರುಜುವಿನ ಕೆಳಗೆ, ಅದೇ ಪೆನ್ನಿನಲ್ಲಿ, ಕನ್ನಡದಲ್ಲಿ ಒಂದು ಸಾಲು ಬರೆಯಿರಿ. ಮಲಯಾಳ ಓದಲು ಬರುವುದಿಲ್ಲ, ಕನ್ನಡದಲ್ಲಿ ವಿವರಿಸಿಲ್ಲ, ದಿನ, ಗಂಟೆ. ಇಷ್ಟೇ. ಹಾಳೆಯ ಕೊನೆಯಲ್ಲಿ ಸಾಮಾನ್ಯವಾಗಿ "ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದ್ದಾನೆ" ಎಂಬರ್ಥದ ಮಲಯಾಳ ವಾಕ್ಯ ಇರುತ್ತದೆ. ಅದಕ್ಕೆ ಉತ್ತರ ನಿಮ್ಮ ಈ ಸಾಲು. ಕೋರ್ಟಿನಲ್ಲೂ ಇದೇ: ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ಅವನಿಗೆ ಅರ್ಥವಾಗುವಂತೆ ಭಾಷಾಂತರಿಸಿ ಹೇಳಬೇಕು (314). ಕೇಳಿದರೆ ಸಿಗುತ್ತದೆ, ಕೇಳದೆ ತಲೆಯಾಡಿಸಿದರೆ ಇಲ್ಲ.

ಕುಂಬಳೆ ಕಟ್ಟೆ:

ಸರಿ, ನನ್ನದು ತಪ್ಪಾಯಿತು ವಕೀಲರೇ. ಆದರೆ ಒಂದು: ಮಾತಾಡದೆ ಕೂತರೆ "ಸಹಕರಿಸಲಿಲ್ಲ" ಎಂದು ಬರೆಯುತ್ತಾರಲ್ಲ?

ಕೋರ್ಟು ಗುಡ್ಡೆ:

ಬರೆಯಲಿ. ತನ್ನನ್ನೇ ಸಿಕ್ಕಿಸುವ ಪ್ರಶ್ನೆಗೆ ಉತ್ತರ ಕೊಡದಿರುವುದು ಸಂವಿಧಾನದ 20(3), ಸಂಹಿತೆಯ 180(2), 1978ರ ನಂದಿನಿ ಸತ್ಪತಿ ತೀರ್ಪು ಮೂರೂ ಕೊಟ್ಟ ಹಕ್ಕು. ಹೆಸರು, ವಿಳಾಸ ಹೇಳಿ, ಅದನ್ನು ಮುಚ್ಚಿಡಬೇಡಿ. ಉಳಿದದ್ದಕ್ಕೆ "ವಕೀಲರ ಹತ್ತಿರ ಮಾತಾಡಿ ಉತ್ತರಿಸುತ್ತೇನೆ." ಸುಮ್ಮನಿರುವುದಕ್ಕೂ ಸುಳ್ಳು ಹೇಳುವುದಕ್ಕೂ ವ್ಯತ್ಯಾಸ ಮಾತ್ರ ದೊಡ್ಡದು. ಪೊಲೀಸರು ನಿಮಗೆ ಸುಳ್ಳು ಹೇಳಿದರೆ ಅದಕ್ಕೆಂದೇ ಒಂದು ಕಲಂ ಇಲ್ಲ. ಇನ್ನೊಬ್ಬರಿಗೆ ತೊಂದರೆಯಾಗಲೆಂದು ನೀವು ಅವರಿಗೆ ಸುಳ್ಳು ಮಾಹಿತಿ ಕೊಟ್ಟರೆ ನ್ಯಾಯ ಸಂಹಿತೆಯ (ಹಳೇ ಐಪಿಸಿಯ ಬದಲಿಗೆ ಬಂದದ್ದು) 217 ಉಂಟು. ಈ ತಕ್ಕಡಿ ಸಮ ಇಲ್ಲ.

ಬೆರಳಚ್ಚು, ಕೈಬರಹದ ಮಾದರಿ ಕೇಳಿದರೆ 20(3) ಅಡ್ಡ ಬರುವುದಿಲ್ಲ, 1961ರ ಕಾಥಿ ಕಾಲು ತೀರ್ಪು. ಧ್ವನಿ ಮಾದರಿಗೂ ಹಾಗೇ ಎಂದು 2019ರ ತೀರ್ಪು ಬೇರೆ ಉಂಟು. ಆದರೆ "ಸುಳ್ಳು ಪತ್ತೆ ಯಂತ್ರಕ್ಕೆ ಕೂರಿಸುತ್ತೇವೆ" ಎಂದರೆ ನಿಮ್ಮ ಒಪ್ಪಿಗೆ ಇಲ್ಲದೆ ಆಗುವುದಿಲ್ಲ. 2010ರ ಸೆಲ್ವಿ ತೀರ್ಪು, ಅದೂ ಕರ್ನಾಟಕದಿಂದ ಹೋದ ಕೇಸು.

ಜಿಡಿ ಪುಸ್ತಕ:

ಠಾಣೆಯ ಒಳಗಿನ ಲೆಕ್ಕ ತಿಳಿದವರ ಕಡೆಯಿಂದ ಸ್ವಲ್ಪ. ವಿಚಾರಣೆಯಲ್ಲಿ ಕತ್ತಲಲ್ಲಿ ಕಲ್ಲು ಹೊಡೆಯುವುದು ಎಲ್ಲ ಕಡೆ ಉಂಟು, ಅದರಿಂದ ನಿಜವಾದ ಕಳ್ಳರೂ ಸಿಕ್ಕುತ್ತಾರೆ. ಪೊಲೀಸರನ್ನು ರಾಕ್ಷಸರು ಮಾಡಿ ಕರಪತ್ರ ಬರೆದರೆ ಪೊಲೀಸರು ಊರವರೊಂದಿಗೆ ನಡೆಸುವ ಜನಮೈತ್ರಿ ಸಭೆಯಲ್ಲಿ ಅದನ್ನು ಹಂಚಲೂ ಆಗಲಿಕ್ಕಿಲ್ಲ. ಆದರೆ ಸಮಯದ ಸುಳ್ಳು ಬೇರೆ ಜಾತಿ. ಅದರ ಬಗ್ಗೆ ಗಟ್ಟಿಯಾಗಿಯೇ ಬರೆಯಿರಿ.

ಬೆಳಿಗ್ಗೆ 9ಕ್ಕೆ ಕರೆದುಕೊಂಡು ಬಂದು, ರಾತ್ರಿ 8ಕ್ಕೆ ಬಂಧಿಸಿದ್ದೆಂದು ದಾಖಲಿಸಿದರೆ 24 ಗಂಟೆಯೊಳಗೆ ಮಜಿಸ್ಟ್ರೇಟರ ಎದುರು ಹಾಜರುಪಡಿಸುವ ಲೆಕ್ಕ (ಸಂಹಿತೆಯ 58) ರಾತ್ರಿ 8ರಿಂದ ಶುರುವಾಗುತ್ತದೆ. ಮಧ್ಯದ 11 ಗಂಟೆ ಕಾಗದದಲ್ಲಿ ಇಲ್ಲವೇ ಇಲ್ಲ. ಬೇಡದ ಕೆಲಸ ನಡೆಯುವುದು ಆ 11 ಗಂಟೆಯಲ್ಲಿ. ಎದ್ದು ಹೋಗಲು ಬಿಡದೆ ಕೂರಿಸಿದ ಕ್ಷಣವೇ ವಶ; ಪುಸ್ತಕದಲ್ಲಿ ಬರೆದ ಗಂಟೆ ಅದನ್ನು ಬದಲಿಸುವುದಿಲ್ಲ. ಆದರೆ ತೋರಿಸಬೇಕಾದವರು ನೀವು.

ಅದಕ್ಕೆ ಮನೆಯವರು ಮಾಡಬೇಕಾದದ್ದು: ಹೋದ ಗಂಟೆ, ಕರೆದುಕೊಂಡು ಹೋದ ವಾಹನದ ನಂಬರು, ಬಂದವರ ಎದೆಪಟ್ಟಿಯ ಹೆಸರು ಬರೆದಿಟ್ಟುಕೊಳ್ಳುವುದು. ತಾಸಿನೊಳಗೆ ಜಿಲ್ಲಾ ಪೊಲೀಸ್ ಮುಖ್ಯಸ್ಥರ ಕಚೇರಿಗೆ ಒಂದು ಇಮೇಲ್: ಇಂಥವರನ್ನು ಇಷ್ಟು ಗಂಟೆಗೆ ಇಂಥ ಠಾಣೆಗೆ ಕರೆದುಕೊಂಡು ಹೋಗಿದ್ದಾರೆ, ಬಂಧಿಸಿದ್ದಾರೆಯೇ, ಯಾವ ಕ್ರೈಮ್ ನಂಬರಿನಲ್ಲಿ? ನಾಲ್ಕು ಸಾಲು ಸಾಕು. ಬಯ್ಗುಳ ಬೇಡ, ಅಳುವುದೂ ಬೇಡ. ಮೇಲಿನಿಂದ ಫೋನು ಬಂದರೆ ಅರ್ಧ ಕೆಲಸ ಆಯಿತು. ಬಾರದಿದ್ದರೂ ಇಮೇಲಿನ ಗಂಟೆಯನ್ನು ಯಾರೂ ತಿದ್ದಲು ಆಗುವುದಿಲ್ಲ.

ಸಿಸಿಟಿವಿ: 2020ರ ಡಿಸೆಂಬರಿನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ ಪ್ರಕಾರ ಪ್ರತಿ ಠಾಣೆಯ ಗೇಟು, ಲಾಕಪ್ಪು, ಕಾರಿಡಾರು, ಇನ್‌ಸ್ಪೆಕ್ಟರ ಕೋಣೆಯಲ್ಲೆಲ್ಲ ಧ್ವನಿ ಸಹಿತ ಕ್ಯಾಮೆರಾ ಬೇಕು, 18 ತಿಂಗಳ ದಾಖಲೆ ಇರಬೇಕು, ಏನೇ ಆದರೂ ಒಂದು ವರ್ಷಕ್ಕೆ ಕಡಿಮೆ ಆಗಬಾರದು. "ಕೆಟ್ಟಿತ್ತು" ಎಂಬ ಉತ್ತರ ಬರಬಾರದಾದರೆ ಆ ವಾರದಲ್ಲೇ ಅರ್ಜಿ ಹಾಕಬೇಕು, ಅಳಿಸಬೇಡಿ ಎಂದು. ಮಜಿಸ್ಟ್ರೇಟ್ ಕೋರ್ಟಿನಲ್ಲಿ ವಕೀಲರ ಮೂಲಕ ಹಾಕಿದರೆ ತೂಕ ಹೆಚ್ಚು. ಯಾವ ಕ್ಯಾಮೆರಾ, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ ಎಂದು ಬರೆಯದ ಅರ್ಜಿ ಕಸದ ಬುಟ್ಟಿಗೆ.

"ಸುಮ್ಮನೆ ಬಂದು ಹೋಗಿ" ಫೋನಿಗೆ: ಸಾಕ್ಷಿಯಾಗಿಯಾ, ಆರೋಪಿಯಾಗಿಯಾ ಎಂದು ಮೊದಲು ಕೇಳಿ. ಸಾಕ್ಷಿಗೆ ಸಂಹಿತೆಯ 179ರ ನೋಟೀಸು. ಹೆಂಗಸರನ್ನು, 15ಕ್ಕಿಂತ ಕೆಳಗಿನ 60ಕ್ಕಿಂತ ಮೇಲಿನ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಅನಾರೋಗ್ಯ ಇರುವವರನ್ನು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ಅವರು ವಾಸಿಸುವಲ್ಲಿಗೇ ಬಂದು ಕೇಳಬೇಕು. ಆರೋಪ ಇರುವವರಿಗೆ 35(3)ರ ನೋಟೀಸು. ವಾಟ್ಸಾಪಿನಲ್ಲಿ ಕಳಿಸಿದ್ದು ನೋಟೀಸು ಕೊಟ್ಟಂತೆ ಅಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಜನ ಕೆಡಿಸಿಕೊಳ್ಳುವುದು ಇಲ್ಲೇ! ವಾಟ್ಸಾಪು ನಡೆಯುವುದಿಲ್ಲವಲ್ಲ ಎಂದು ಸುಮ್ಮನೆ ಕೂರುತ್ತಾರೆ. ಹಾಗೆ ಮಾಡಬೇಡಿ. "ಕಾಗದದ ನೋಟೀಸು ಕೊಡಿ, ಕೊಟ್ಟ ದಿನ ಹಾಜರಾಗುತ್ತೇನೆ" ಎಂದು ರಿಜಿಸ್ಟರ್ಡ್ ಅಂಚೆಯಲ್ಲಿ ಉತ್ತರ ಕಳಿಸಿ, ರಶೀದಿ ಇಟ್ಟುಕೊಳ್ಳಿ. ಸರಿಯಾದ ನೋಟೀಸು ಸಿಕ್ಕಿಯೂ ಹೋಗದಿದ್ದರೆ 35(6)ರಲ್ಲಿ ಬಂಧಿಸಬಹುದು. ನೋಟೀಸಿನಂತೆ ಹಾಜರಾಗುತ್ತಿದ್ದರೆ, ಕಾರಣ ಬರೆದಿಡದೆ ಬಂಧಿಸುವಂತಿಲ್ಲ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಕೆ ಬೇಕೆಂದು ಬರೆಯಲೇಬೇಕು, 2014ರ ಅರ್ನೇಶ್ ಕುಮಾರ್ ತೀರ್ಪು. ಅಡಿಕೆ ಕಳವು ನ್ಯಾಯ ಸಂಹಿತೆಯ 303(2), ಮೂರು ವರ್ಷದವರೆಗಿನದ್ದು, ಇದರೊಳಗೇ ಬಂತು.

ಇನ್ನೊಂದು ಸುಳ್ಳು ಕರಪತ್ರದಲ್ಲಿ ಬರಲೇಬೇಕು. "ಸಣ್ಣ ಕೇಸು, ಒಪ್ಪಿಕೊಂಡು ಫೈನು ಕಟ್ಟಿ ಹೋಗು." ಕುಡಿದು ಗಲಾಟೆ, ಬೈಕಿನ ಅಪಘಾತ, ಇಂಥದ್ದಕ್ಕೆ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು ಕಟ್ಟಿದ ಹಣ ಕರೆಂಟು ಬಿಲ್ಲಿನ ಹಾಗೆ ಅಲ್ಲ, ಅದು ಶಿಕ್ಷೆ. ಗಲ್ಫಿಗೆ ಹೋಗಲು ಪೊಲೀಸ್ ಕ್ಲಿಯರೆನ್ಸ್ ಕೇಳುವಾಗ, ಸರಕಾರಿ ಕೆಲಸದ ವೆರಿಫಿಕೇಶನ್ ಫಾರಂ ತುಂಬಿಸುವಾಗ ಆ ಕಾಲಂ ಎದುರಿಗೆ ಬರುತ್ತದೆ. ಕಾಸರಗೋಡಿನ ಹುಡುಗರಿಗೆ ಇದಕ್ಕಿಂತ ದುಬಾರಿ ಸುಳ್ಳು ಇಲ್ಲ.

ತಲಪಾಡಿ ಗೇಟು:

ಎರಡು ಸಂಗತಿ ಬಿಟ್ಟುಹೋಗಿದೆ. ಎದುರಿಗೆ ಕೂತವರು ಪೊಲೀಸರೇ ಹೌದಾ ಎಂಬುದು ಒಂದು. ಕಸ್ಟಮ್ಸ್‌ನವರು ಪೊಲೀಸ್ ಅಧಿಕಾರಿಗಳಲ್ಲ. ವಿಮಾನ ನಿಲ್ದಾಣದಲ್ಲಿ ಚಿನ್ನ ಹಿಡಿದು ಕಸ್ಟಮ್ಸ್ ಕಾಯ್ದೆಯ 108ರಲ್ಲಿ ಬರೆಸಿಕೊಂಡ ಹೇಳಿಕೆ ನೇರ ಸಾಕ್ಷ್ಯ. 23ನೇ ಕಲಮಿನ ಬೇಲಿ ಅಲ್ಲಿಲ್ಲ. ಅಲ್ಲಿ ಯಾರಾದರೂ "ಬರೆದುಕೊಟ್ಟರೆ ದಂಡದಲ್ಲೇ ಮುಗಿಸುತ್ತೇವೆ" ಎಂದರೆ ಆ ಮಾತಿಗೆ ಬೀಳುವ ಬೆಲೆ ಠಾಣೆಯದ್ದಕ್ಕಿಂತ ಎಷ್ಟೋ ಹೆಚ್ಚು. ಮಾದಕ ವಸ್ತುವಿನ ಕೇಸಿನಲ್ಲಿ ಹಿಡಿದವರು ಅಬಕಾರಿಯವರಾದರೂ 2020ರ ತೂಫಾನ್ ಸಿಂಗ್ ತೀರ್ಪಿನ ಮೇಲೆ ಅವರ ಎದುರಿನ ತಪ್ಪೊಪ್ಪಿಗೆ ನಡೆಯುವುದಿಲ್ಲ. ಅಲ್ಲಿ ನಡೆಯುವ ಉಪಾಯ ಬೇರೆ: ಮೈ ತಪಾಸಣೆಗೆ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮಜಿಸ್ಟ್ರೇಟರ ಎದುರು ತಪಾಸಣೆ ಬೇಕೆಂದು ಕೇಳುವ ಹಕ್ಕು ನಿಮಗಿದೆ ಎಂದು ತಿಳಿಸಬೇಕು (ಮಾದಕ ವಸ್ತು ಕಾಯ್ದೆಯ 50ನೇ ಕಲಂ). ಅದನ್ನು ಬಿಟ್ಟು "ನಾನೇ ನೋಡಿದರೆ ಆಗದಾ?" ಎಂದು ಮೂರನೇ ದಾರಿ ತೋರಿಸಿ, ಮಲಯಾಳದ ಒಪ್ಪಿಗೆ ಪತ್ರಕ್ಕೆ ರುಜು ಹಾಕಿಸುತ್ತಾರೆ. ಆ ಮೂರನೇ ದಾರಿ ಸಲ್ಲದು ಎಂದು 2014ರಲ್ಲೇ ತೀರ್ಪಾಗಿದೆ. ಆದರೆ ಈ ಹಕ್ಕು ಮೈಯ ತಪಾಸಣೆಗೆ ಮಾತ್ರ. ಕೈಯಲ್ಲಿದ್ದ ಬ್ಯಾಗಿನಲ್ಲಿ ಸಿಕ್ಕಿದರೆ 50 ಹಿಡಿದುಕೊಂಡು ಪ್ರಯೋಜನ ಇಲ್ಲ. ತೂಕವೂ ನೋಡಿ: ಎಂಡಿಎಂಎ 10 ಗ್ರಾಂ, ಗಾಂಜಾ 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ, ಜಾಮೀನು ಭಾರೀ ಕಷ್ಟ. ಮಹಜರಿನ ತೂಕದ ಅಂಕಿಯನ್ನು ಓದದೆ ಯಾರೂ ರುಜು ಹಾಕಬಾರದು.

ಇನ್ನೊಂದು, ಆಚೆ ಕಡೆಯ, ಅಂದರೆ ಕರ್ನಾಟಕದ, ಪೊಲೀಸರು ಗಡಿ ದಾಟಿ ಬಂದು ಮಂಜೇಶ್ವರದಿಂದ ಕರೆದುಕೊಂಡು ಹೋದರೆ ಏನು?

ಕೋರ್ಟು ಗುಡ್ಡೆ:

ಬೇರೆ ರಾಜ್ಯಕ್ಕೆ ಬಂದು ಬಂಧಿಸಬಹುದು, ಅದಕ್ಕೆ ತಡೆ ಇಲ್ಲ. ಮೆಮೊ, ಆಧಾರಗಳ ಬರಹ, ಮನೆಯವರಿಗೆ ತಿಳಿಸುವುದು (48), ವೈದ್ಯಕೀಯ ತಪಾಸಣೆ (53) ಎಲ್ಲ ಅವರಿಗೂ ಅನ್ವಯ. 24 ಗಂಟೆಯಲ್ಲಿ ಪ್ರಯಾಣದ ಸಮಯ ಕಳೆಯುತ್ತಾರೆ. ಮಂಜೇಶ್ವರದಿಂದ ಮಂಗಳೂರಿಗೆ ಒಂದು ಗಂಟೆಯೂ ಬೇಡ, ಹಾಗಾಗಿ "ದೂರದ ಪ್ರಯಾಣ" ಎಂಬ ನೆಪ ಇಲ್ಲಿ ನಡೆಯದು. ಹೊಸ 58ರಲ್ಲಿ "ವ್ಯಾಪ್ತಿ ಇರಲಿ ಇಲ್ಲದಿರಲಿ" ಎಂಬ ಮಾತು ಸೇರಿದೆ. ಹತ್ತಿರದ ಮಜಿಸ್ಟ್ರೇಟರ ಎದುರು ಹಾಜರುಪಡಿಸಿದರೂ ಆಯಿತು.

ಆಚೆ ಎಫ್‌ಐಆರ್ ಆಗಿದೆ, ಇನ್ನೂ ಹಿಡಿದಿಲ್ಲ ಎಂದಾದರೆ 2023ರ ಪ್ರಿಯಾ ಇಂದೋರಿಯಾ ತೀರ್ಪಿನ ಪ್ರಕಾರ ವಿದ್ಯಾನಗರದ ಸೆಷನ್ಸ್ ಕೋರ್ಟಿನಲ್ಲೇ ಸೀಮಿತ ಅವಧಿಯ ನಿರೀಕ್ಷಣಾ ಜಾಮೀನು ಕೇಳಬಹುದು, ಆ ಅವಧಿಯಲ್ಲಿ ಮಂಗಳೂರಿನ ಕೋರ್ಟಿಗೆ ಹೋಗಿ ಪೂರ್ತಿ ಜಾಮೀನು ಕೇಳಬೇಕು. ಅದೂ ಕರ್ನಾಟಕದ ಕೇಸೇ.

ವಿಡಿಯೊ ಕಾಲಿನಲ್ಲಿ ಯೂನಿಫಾರಂ ಹಾಕಿಕೊಂಡು "ಡಿಜಿಟಲ್ ಅರೆಸ್ಟ್" ಎನ್ನುವವರು ಪೊಲೀಸರೇ ಅಲ್ಲ. ಹಾಗೊಂದು ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಕಾಲ್ ಕಟ್ ಮಾಡಿ 1930ಕ್ಕೆ ಫೋನು. ಇದಕ್ಕೆ ಒಂದು ಸಾಲು ಸಾಕು.

ಅಡ್ಕದ ವಾಚನಾಲಯ:

ಎಲ್ಲರಿಗೂ ದೊಡ್ಡ ಉಪಕಾರ. ಒಂದು ಹಾಳೆಯಲ್ಲಿ ಹಿಡಿಸುವುದೇ ಈಗ ಕಷ್ಟ. ಎರಡು ಸಂಶಯ. ವಕೀಲರ ಫೀಸು ಕೊಡಲಾಗದವರಿಗೆ ಯಾವ ನಂಬರು ಹಾಕಲಿ? ಮತ್ತೆ ಪೆರ್ಲದಕ್ಕ ಹೇಳಿದ ಸಾಲನ್ನು "ನನಗೆ ಮಲಯಾಳ ಬರುವುದಿಲ್ಲ" ಎಂದು ಚಿಕ್ಕದು ಮಾಡಿ ಚೌಕದೊಳಗೆ ಹಾಕಿದರೆ ಆಗದಾ?

ಪೆರ್ಲದಕ್ಕ:

ನಂಬರು 15100, ಕಾನೂನು ಸೇವಾ ಪ್ರಾಧಿಕಾರದ್ದು. ಪೊಲೀಸ್ ವಶದಲ್ಲಿರುವವರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ. ಬಂಧನಕ್ಕೆ ಮೊದಲೇ, ಠಾಣೆಯ ಹಂತದಲ್ಲೇ ಕೇಳಬಹುದು, ರಿಮಾಂಡಿನವರೆಗೆ ಕಾಯಬೇಡಿ. ಪೊಲೀಸರ ಮೇಲೆ ದೂರು ಇದ್ದರೆ ಡಿವೈಎಸ್‌ಪಿ ಮಟ್ಟದವರೆಗೆ ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರ (2011ರ ಕೇರಳ ಪೊಲೀಸ್ ಕಾಯ್ದೆ, 110). ಅರ್ಜಿ ಕನ್ನಡದಲ್ಲೇ ಬರೆಯಿರಿ. ಸಂವಿಧಾನದ 350 ನಮಗೆ ಆ ಅವಕಾಶ ಕೊಟ್ಟಿದೆ. ತಿರಸ್ಕರಿಸಿದರೆ "ಬರೆದು ಕೊಡಿ" ಎನ್ನಿ.

ಸಾಲು ಮಾತ್ರ ಚಿಕ್ಕದು ಮಾಡಬೇಡಿ ತಮ್ಮ. ಪೇಟೆಯಲ್ಲಿ ಮೀನು ಚೌಕಾಸಿ ಮಾಡುವುದು ಮಲಯಾಳದಲ್ಲಿ, ಠಾಣೆಯಲ್ಲಿ ಎಸ್‌ಐ ಹತ್ತಿರ ಮಾತಾಡಿದ್ದೂ ಮಲಯಾಳದಲ್ಲಿ, ಧ್ವನಿ ಸಹಿತ ಕ್ಯಾಮೆರಾದಲ್ಲಿ ಅದು ಬಿದ್ದಿರುತ್ತದೆ. "ಬರುವುದಿಲ್ಲ" ಎಂದು ಬರೆದವರನ್ನು ಪಾಟೀಸವಾಲಿನಲ್ಲಿ ಎರಡೇ ನಿಮಿಷದಲ್ಲಿ ಸುಳ್ಳುಗಾರ ಮಾಡುತ್ತಾರೆ. ಶಾಲೆಯಲ್ಲಿ ಮಲಯಾಳ ಕಲಿತ ಮಕ್ಕಳು ಈ ಸಾಲನ್ನು ಬರೆಯಲೇಬಾರದು, ಅವರು ಓದಿಯೇ ರುಜು ಹಾಕಬೇಕು. ಉಳಿದವರಿಗೆ ಚೌಕದಲ್ಲಿ ಹೀಗೆ ಹಾಕಿ:

"ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಇದರಲ್ಲಿ ಬರೆದದ್ದನ್ನು ನನಗೆ ಕನ್ನಡದಲ್ಲಿ ಹೇಳಿಲ್ಲ. ದಿನಾಂಕ ___ ಗಂಟೆ ___"

ಓದಿ ಹೇಳಿದ್ದರೆ ಎರಡನೇ ವಾಕ್ಯ ಬಿಡಬೇಕು ಎಂದು ಬದಿಯಲ್ಲಿ ಸಣ್ಣಕ್ಷರದಲ್ಲಿ ಇರಲಿ. ಗಂಟೆಯ ಜಾಗ ಮಾತ್ರ ತೆಗೆಯಬೇಡಿ, ಜಿಡಿ ಪುಸ್ತಕದವರು ಹೇಳಿದ ಆ 11 ಗಂಟೆ ಅಲ್ಲೇ ಸಿಕ್ಕಿಬೀಳುವುದು.